ಮೊಣಕಾಲಿನ ಹಿಂದಿನ ಅಂಕಿ

ದುಂಡಪ್ಪ ಮಾಸ್ತರರಿಗೆ ಚಿತ್ರದಲ್ಲಿ ಮನುಷ್ಯರು ಅಡ್ಡ ಬಂದರೆ ಮೈಯೆಲ್ಲ ಉರಿಯುತ್ತಿತ್ತು. ಫಿರಂಗಿಯ ಫೋಟೋ ಎಂದರೆ ಫಿರಂಗಿ ಕಾಣಬೇಕು, ಟ್ಯಾಂಕಿನ ಫೋಟೋ ಎಂದರೆ ಟ್ಯಾಂಕು ಕಾಣಬೇಕು. ಅದರ ಮುಂದೆ ಹಲ್ಲು ಕಿರಿದು ನಿಂತ ಸಿಪಾಯಿಯನ್ನು ಕಟ್ಟಿಕೊಂಡು ಯಾರಿಗೇನಾಗಬೇಕು? ಬೈಲಹೊಂಗಲದ ಸಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಅವರನ್ನು ಊರು ಬೆನ್ನ ಹಿಂದೆ ‘ಟ್ಯಾಂಕ್ ಮಾಸ್ತರ’ ಎನ್ನುತ್ತಿತ್ತು. ಹೆಂಡತಿ ಸೋಮವ್ವ ಎದುರಿಗೇ ಅನ್ನುತ್ತಿದ್ದಳು.

ಹತ್ತಿ ತುಂಬುತ್ತಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿ ಮಾಸ್ತರರು ಅಲ್ಲಿ ತಮ್ಮ ದಂಡನ್ನು ಇಟ್ಟಿದ್ದರು. ಸಾಗವಾನಿ ತುಂಡು ಕೆತ್ತಿ ಟ್ಯಾಂಕಿನ ಮೈ, ಹಳೆಯ ಕೊಡೆಯ ಕಡ್ಡಿಯಿಂದ ಅದರ ನಳಿಕೆ, ಸೈಕಲ್ ಚೈನಿನಿಂದ ಗಾಲಿ ಸುತ್ತುವ ಉಕ್ಕಿನ ಪಟ್ಟಿ. ರಿವೆಟ್ಟು ಬೇಕಾದಲ್ಲೆಲ್ಲ ಸಾಸಿವೆ ಕಾಳನ್ನು ಅಂಟಿನಲ್ಲಿ ಅದ್ದಿ ಚಿಮಟದಿಂದ ಕೂರಿಸುತ್ತಿದ್ದರು. “ಒಗ್ಗರಣಿಗೆ ಸಾಸಿವಿ ಇಲ್ಲ, ಲಡಾಯಿಗೆ ಐತಿ” ಎಂದು ಸೋಮವ್ವ ಗೊಣಗಿದರೆ ಅದು ಅವರ ಕಿವಿಗೆ ಬೀಳುತ್ತಿರಲಿಲ್ಲ.

ಗೋಡೆಯುದ್ದಕ್ಕೂ ಪುಸ್ತಕಗಳು. ಬೆಳಗಾವಿ ಕ್ಯಾಂಪಿನ ರದ್ದಿ ಅಂಗಡಿಯಲ್ಲಿ ಆರಿಸಿ ತಂದವು ಕೆಲವು, ವಿಲಾಯತಿಯಿಂದ ಟಪಾಲಿನಲ್ಲಿ ತರಿಸಿದವು ಕೆಲವು. ಯಾವ ದೇಶದ ಸಿಪಾಯಿ ಯಾವ ಲಡಾಯಿಯಲ್ಲಿ ಎಂಥ ಗುಂಡಿಯ ಅಂಗಿ ತೊಟ್ಟಿದ್ದ, ಯಾವ ಟ್ಯಾಂಕಿಗೆ ಎಷ್ಟು ಗಾಲಿ, ಎಂಥ ಬಣ್ಣ, ಎಲ್ಲಿ ಏನು ಗುರುತು ಎಂಬುದನ್ನೆಲ್ಲ ಬಣ್ಣದ ಚಿತ್ರ ಹಾಕಿ ತೋರಿಸುವ ಪುಸ್ತಕಗಳು ಅವು. ಇಂಥ ಹುಚ್ಚು ಹಿಡಿದವರಿಗೆಂದೇ ಅಚ್ಚಾಗುತ್ತಿದ್ದವು. ಮಾಸ್ತರರು ಅವನ್ನು ಓದುತ್ತಿರಲಿಲ್ಲ, ನೋಡುತ್ತಿದ್ದರು. ಅವರ ಇಂಗ್ಲಿಷು ಅಷ್ಟಕ್ಕಷ್ಟೆ. ಓದಿ ಹೇಳುವುದಕ್ಕೆ ರಾಮದುರ್ಗದಿಂದ ಬಸಯ್ಯನವರು ಬರಬೇಕಾಗಿತ್ತು. ಬಸಯ್ಯನವರು ಮಿಲಿಟರಿ ಆಫೀಸಿನಲ್ಲಿ ಕಾರಕೂನಿಕೆ ಮಾಡಿ ನಿವೃತ್ತರಾದವರು, ತಾವೂ ಮೇಣದಲ್ಲಿ ಕುದುರೆ ಸವಾರರನ್ನು ಮಾಡಿ ಸಾಲಾಗಿ ನಿಲ್ಲಿಸುವವರು. ಬಂದರೆಂದರೆ ಇಬ್ಬರೂ ಯಾವುದೋ ಟೊಪ್ಪಿಗೆಯ ತುರಾಯಿಯ ಬಣ್ಣದ ಮೇಲೆ, ತಾಟಿನಲ್ಲಿದ್ದ ಊಟ ಆರಿಹೋಗುವವರೆಗೂ ಜಗಳಾಡುತ್ತಿದ್ದರು.

ಎಪ್ಪತ್ತೊಂದರ ಲಡಾಯಿ ಮುಗಿದ ಮರುವರ್ಷದ ಬೇಸಿಗೆಯಲ್ಲಿ ಮನೋಳಿಯಿಂದ ಲಗಮವ್ವ ಬಂದಳು. ಅವಳ ಗಂಡ ಸತ್ಯಪ್ಪ ದಂಡಿನಲ್ಲಿ ಟ್ಯಾಂಕಿನ ಡ್ರೈವರ್. ಗಡಿಗೆ ಹೋದವನು ತಿರುಗಿ ಬಂದಿರಲಿಲ್ಲ. ಸತ್ತನೆಂದೂ ಯಾರೂ ಹೇಳಿರಲಿಲ್ಲ, ಪತ್ತೆಯಿಲ್ಲ ಎಂದಷ್ಟೇ ಸುದ್ದಿ. ಮಾಸ್ತರರು ಹಿಂದೊಮ್ಮೆ ಮನೋಳಿಯ ಸಾಲೆಯಲ್ಲಿದ್ದಾಗ ಸತ್ಯಪ್ಪ ಅವರ ಕೈಯಲ್ಲೇ ಕಲಿತಿದ್ದ. ಎಡಗೈಯಲ್ಲಿ ಕುಂಚ ಹಿಡಿಯುತ್ತಾನೆಂದು ಅವರು ಅವನ ಬೆರಳ ಗೆಣ್ಣುಗಳ ಮೇಲೆ ಬಾರಿಸುತ್ತಿದ್ದರು. ಅದನ್ನು ಅವರು ಎಂದೋ ಮರೆತಿದ್ದರು.

ಲಗಮವ್ವ ಅಂಗಳದಲ್ಲೇ ನಿಂತಳು. ಅವಳ ಕೇರಿಯವರು ಆ ಮನೆಯ ಅಂಗಳ ದಾಟಿ ಒಳಗೆ ಬರುವ ರೂಢಿ ಇರಲಿಲ್ಲ, ಬಾ ಎನ್ನುವ ಮನಸ್ಸು ಮಾಸ್ತರರಿಗೂ ಇರಲಿಲ್ಲ. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಫೋಟೋ ತೆಗೆದು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು.

“ಮಾಸ್ತರ್ರ, ನಿಮ್ಮ ಕಡೆ ಲಡಾಯಿ ಪುಸ್ತಕ ಅದಾವಂತ. ಎಲ್ಲಾ ಗಾಡೀದೂ ಚಿತ್ರ ಇರತಾವಂತ. ಇದು ನಮ್ಮವರ ಗಾಡಿರಿ. ಇಂಥಾದು ಎಲ್ಲೆರ ಕಂಡ್ರ ಹೇಳ್ರಿ. ಅವರು ಅದಾರೋ ಇಲ್ಲೋ, ಅಷ್ಟ ಗೊತ್ತಾಗಬೇಕ್ರಿ ನನಗ.”

“ಗೊತ್ತಾಗಿ ಏನ್ಮಾಡ್ತಿ?”

ಅವಳು ಎರಡೂ ಮುಂಗೈ ಮುಂದೆ ಚಾಚಿ ತೋರಿಸಿದಳು. ತುಂಬ ಹಸಿರು ಬಳೆ. “ಅತ್ತಿ ಇವನ್ನ ಒಡಸ್ಕೋ ಅಂತಾಳ್ರಿ. ಒಡಸ್ಕೊಂಡು ಮೈದುನನ ಕೂಡ ಉಡಿಕಿ ಆಗು ಅಂತಾಳ. ನಾ ತವರಿಗೆ ಹೋಗಿಬಿಡತೇನಂತ ಅಕೀಗೆ ಅಂಜಿಕಿ. ಜಟ್ಟೆಪ್ಪ ನಾ ಲಗ್ನಾಗಿ ಬಂದಾಗ ಅಂಗಿ ಇಲ್ದ ಓಡ್ಯಾಡ್ತಿದ್ದ್ರಿ. ಅವನ ಮೂಗು ಒರಸಿದ ಕೈರಿ ಇವು. ಬಳಿ ಇರೂತನಕ ನಾ ಸತ್ಯಪ್ಪನ ಹೆಂಡತಿ ಅಂತ ಹೇಳೇನಿ.”

ಗಂಡ ಸತ್ತವಳಿಗೆ ಇನ್ನೊಬ್ಬನಿಂದ ಸೀರೆ ಉಡಿಸಿ ಕೂಡಿಸುವುದೇ ಉಡಿಕಿ. ಅದರಲ್ಲಿ ಹೊಸದೇನೂ ಇರಲಿಲ್ಲ, ಎಷ್ಟೋ ಮನೆಗಳಲ್ಲಿ ನಡೆಯುತ್ತಿತ್ತು. ಆದರೆ ಮೊದಲು ಗಂಡ ಸತ್ತಿರಬೇಕಲ್ಲ? ಲಗಮವ್ವ ಹಿಡಿದು ನಿಂತದ್ದು ಅದೊಂದೇ ಮಾತನ್ನು.

ಮಾಸ್ತರರಿಗೆ ಅವಳ ಅರ್ಧ ಮಾತು ಕೇಳಿಸಲೇ ಇಲ್ಲ. ಅವರು ಆಗಲೇ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದರು. ಆಹಾ, ಎಂಥ ಫೋಟೋ! ಪುಸ್ತಕಗಳಲ್ಲಿ ಎಲ್ಲೋ ದೂರದಲ್ಲಿ ಧೂಳಿನೊಳಗೆ ಮಸುಕಾಗಿ ಕಾಣುವ ಟ್ಯಾಂಕು ಇಲ್ಲಿ ಮೂಗಿನ ಮುಂದೆ ನಿಂತಿತ್ತು. ಗಾಲಿಯ ಬೋಲ್ಟು, ದೀಪದ ಜಾಲರಿ, ಹತ್ಯಾರದ ಪೆಟ್ಟಿಗೆಯ ಕೊಂಡಿ, ಎಲ್ಲವೂ ಸ್ವಚ್ಛ. ಅಡ್ಡ ಒಂದೇ ಒಂದು: ಸತ್ಯಪ್ಪ. ಉಕ್ಕಿನ ಪಟ್ಟಿಯ ಮೇಲೆ ಒಂದು ಕಾಲಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದ. ಮುಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರಿನಲ್ಲಿ ಒಂದು ಮತ್ತು ಎಂಟು ಸ್ಪಷ್ಟವಾಗಿದ್ದವು. ಮೂರನೆಯ ಅಂಕಿ ಅವನ ಮೊಣಕಾಲಿನ ಹಿಂದೆ ಹೋಗಿತ್ತು.

“ಎಲಾ ಇವನ, ಅಡ್ಡ ನಿಂತಾನಲ್ಲ!” ಎಂದರು ಮಾಸ್ತರರು.

ಗುರುಗಳು ಅಕ್ಕರೆಯಿಂದ ಬೈದರೆಂದುಕೊಂಡು ಲಗಮವ್ವ ನಕ್ಕಳು.

“ಫೋಟೋ ನನ್ನ ಕಡೆ ಇರ್ಲಿ.”

“ಇರೂದು ಅದೊಂದ ಐತ್ರಿ.”

“ಮತ್ತ ಹುಡುಕೂದು ಹ್ಯಾಂಗ?”

ಅವಳು ಫೋಟೋವನ್ನು ಬಿಟ್ಟು ಹೋದಳು.

ಮಾಸ್ತರರು ರವಿವಾರಗಳನ್ನೆಲ್ಲ ಅದಕ್ಕೇ ಸುರಿದರು. ಮೊದಲು ಫೋಟೋ ನೋಡಿ ಟ್ಯಾಂಕಿನದೊಂದು ನಕಾಶೆ ಬರೆದರು. ಅದರಲ್ಲಿ ಸತ್ಯಪ್ಪನನ್ನು ಪೂರಾ ಅಳಿಸಿಹಾಕಿದರು. ಅವನ ಕಾಲಿನ ಹಿಂದೆ ಮುಚ್ಚಿಹೋಗಿದ್ದ ಗಾಲಿ, ಪಟ್ಟಿ, ಬೋಲ್ಟುಗಳನ್ನು ಲೆಕ್ಕಾಚಾರದಿಂದ ತುಂಬಿದರು. ಅಂಕಿಯೊಂದು ಉಳಿಯಿತು. ಮೊಣಕಾಲಿನ ಮೇಲ್ಗಡೆ ಒಂದು ಅಡ್ಡಗೆರೆಯ ತುದಿ ಇಣುಕುತ್ತಿತ್ತು. ಅದು ಐದೂ ಆಗಬಹುದು, ಏಳೂ ಆಗಬಹುದು. ಮಾಸ್ತರರು ಭೂತಗನ್ನಡಿ ಹಿಡಿದು ಬೆಳಗಿನಿಂದ ನೋಡಿ, ಮಧ್ಯಾಹ್ನ ಏಳು ಎಂದು ತೀರ್ಮಾನಿಸಿದರು. ಆಮೇಲೆ ಕಟ್ಟಿಗೆಯ ಟ್ಯಾಂಕು ಮಾಡಿ ಅದರ ಮೇಲೂ ಒಂದು ಎಂಟು ಏಳು ಎಂದೇ ಬರೆದರು.

ಆ ವಿಲಾಯತಿ ಪುಸ್ತಕಗಳ ಕೊನೆಯ ಪುಟದಲ್ಲಿ ಒಂದು ವಿನಂತಿ ಇರುತ್ತಿತ್ತು. ಯಾರಲ್ಲಾದರೂ ಫೋಟೋ, ಗುರುತು, ನಂಬರುಗಳ ವಿವರವಿದ್ದರೆ ಕಳಿಸಿ, ಮುಂದಿನ ಪುಸ್ತಕದಲ್ಲಿ ಬಳಸಿಕೊಳ್ಳುತ್ತೇವೆ ಎಂದು. ಬಸಯ್ಯನವರು ಅದನ್ನು ಓದಿ ಹೇಳಿದ್ದೇ ತಡ, ಮಾಸ್ತರರು ನಕಾಶೆಯನ್ನು ಕಳಿಸಲು ಹೊರಟರು. ಜೊತೆಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಬೇಕಾದವರು ಬಸಯ್ಯನವರೇ.

“ಮಾಸ್ತರ, ಕಡೀ ಅಂಕಿ ಫೋಟೋದಾಗ ಕಾಣಂಗಿಲ್ಲಲ್ಲ?”

“ಏಳು ಅದು. ಅಡ್ಡಗೆರಿ ನೋಡ್ರಿ ಅಯ್ಯಾರ.”

“ಐದೂ ಇರಬಹುದು.”

“ಐದಾದ್ರ ಗೆರಿ ಇಷ್ಟು ಮುಂದ ಬರಂಗಿಲ್ಲ. ಏಳು ಅಂತನ ಬರೀರಿ ನೀವು.”

ಬಸಯ್ಯನವರು ಬರೆದರು. ಆ ಕಡೆಯಿಂದ ಉತ್ತರ ಬರಲಿಲ್ಲ. ವರ್ಷ ಕಾದು ಮಾಸ್ತರರು ಅವರನ್ನೆಲ್ಲ ಕತ್ತೆಗಳೆಂದು ಬೈದು ಆ ವಿಷಯ ಬಿಟ್ಟರು. ನಕಾಶೆ ಮರೆತುಹೋಯಿತು, ಏಳು ಮಾತ್ರ ಉಳಿಯಿತು. ದಿನಾ ಕಣ್ಣ ಮುಂದಿದ್ದ ಟ್ಯಾಂಕಿನ ಮೇಲೆ ಏಳು ಎಂದಿತ್ತು. ಅದು ತಮ್ಮ ಬರೀ ಊಹೆ ಎಂಬುದು ಅವರಿಗೆ ನೆನಪಾಗುವುದು ನಿಂತಿತು.

ಲಗಮವ್ವ ಬೈಲಹೊಂಗಲದ ಸಂತೆಗೆ ಬಂದಾಗಲೆಲ್ಲ ಬಂದು ಅಂಗಳದಲ್ಲಿ ನಿಲ್ಲುತ್ತಿದ್ದಳು. “ಕಂಡ್ತೇನ್ರಿ?” “ಇನ್ನೂ ಇಲ್ಲ.” ನಿಜ ಹೇಳಬೇಕೆಂದರೆ ಮಾಸ್ತರರು ಹುಡುಕಿಯೇ ಇರಲಿಲ್ಲ. ಬಂದವಳನ್ನು ಸುಮ್ಮನೆ ಯಾಕೆ ಕಳಿಸಬೇಕೆಂದು ಅಂಗಳ ಗುಡಿಸಲು ಹಚ್ಚುತ್ತಿದ್ದರು, ಕಟ್ಟಿಗೆ ಒಡೆಯಲು ಹಚ್ಚುತ್ತಿದ್ದರು. ಅವಳು ಅದನ್ನು ಹರಕೆ ತೀರಿಸುವವಳ ಹಾಗೆ ಶ್ರದ್ಧೆಯಿಂದ ಮಾಡುತ್ತಿದ್ದಳು. ಸೋಮವ್ವ ರೊಟ್ಟಿಯ ಮೇಲೆ ಪಲ್ಯ ಹಾಕಿ ಕೊಟ್ಟರೆ ಅಂಗಳದ ಮೂಲೆಯಲ್ಲಿ ಕೂತು ತಿಂದು ಹೋಗುತ್ತಿದ್ದಳು.

ಎಪ್ಪತ್ತಾರರ ಮಳೆಗಾಲದಲ್ಲಿ ವಿಲಾಯತಿಯಿಂದ ಹೊಸ ಪುಸ್ತಕ ಬಂತು. ಇತ್ತೀಚಿನ ಲಡಾಯಿಗಳ ಟ್ಯಾಂಕುಗಳು. ಮಾಸ್ತರರು ಕೈ ತೊಳೆದು ಒರೆಸಿಕೊಂಡು ಬಂದು ಹಾಳೆ ತಿರುವತೊಡಗಿದರು. ನಡುವೆ ಎರಡು ಪುಟ ತುಂಬುವ ಹಾಗೆ ಒಂದು ಬಣ್ಣದ ಚಿತ್ರ: ಉಸುಕು, ಕರಿ ಹೊಗೆ, ಸುಟ್ಟು ಕರಕಾಗಿ ಒಂದು ಕಡೆ ವಾಲಿ ನಿಂತ ನಮ್ಮ ದಂಡಿನ ಟ್ಯಾಂಕು. ಪಟ್ಟಿ ಕಳಚಿ ಉಸುಕಿನಲ್ಲಿ ಬಿದ್ದಿದೆ. ಮಡ್‌ಗಾರ್ಡಿನ ಮೇಲೆ ಮಸಿಯ ನಡುವೆ ಬಿಳಿ ಅಂಕಿಗಳು. ಒಂದು. ಎಂಟು. ಏಳು.

“ಸೋಮವ್ವಾ! ಏಳು! ನಾ ಹೇಳಿದ್ದ ಏಳು!”

ಅವರು ಓಡಿಹೋಗಿ ತಮ್ಮ ಟ್ಯಾಂಕನ್ನು ತಂದು ಪಕ್ಕದಲ್ಲಿಟ್ಟರು. ಬೋಲ್ಟಿಗೆ ಬೋಲ್ಟು, ಗೆರೆಗೆ ಗೆರೆ ಕೂಡುತ್ತಿತ್ತು. ಮೊದಲು ನೆನಪಾದದ್ದು ಬಸಯ್ಯನವರ ಮುಖ. ಐದು ಅಂದಿದ್ದರಲ್ಲ, ಈಗ ಬರಲಿ. ಊಟಕ್ಕೆ ಕೂತು ಎರಡನೆಯ ರೊಟ್ಟಿ ಮುರಿಯುವಾಗ ಸತ್ಯಪ್ಪ ನೆನಪಾದ. ಆಗಲೂ ಅಯ್ಯೋ ಅನ್ನಿಸಲಿಲ್ಲ ಆ ಮನುಷ್ಯನಿಗೆ. ಲಗಮವ್ವ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು, ಅದೂ ತಮ್ಮ ಕೋಣೆಯಲ್ಲೇ ಸಿಕ್ಕಿತು ಎಂದು ಎದೆ ಉಬ್ಬಿತು.

“ಅಕೀಗೆ ಹೇಳಬ್ಯಾಡ್ರಿ,” ಎಂದಳು ಸೋಮವ್ವ. “ಎಷ್ಟಂದ್ರೂ ಯಾರೋ ಕುಂತು ತಗದ ಚಿತ್ರ ಅದು.”

“ನಿನಗೇನ ತಿಳೀತದ? ಇವರು ಒಂದು ಅಂಗಿ ಗುಂಡೀನೂ ಸುಳ್ಳ ತಗ್ಯಂಗಿಲ್ಲ.”

ಮರುದಿನ ಮುಂಜಾನೆ ಪುಸ್ತಕವನ್ನು ಧೋತರದಲ್ಲಿ ಸುತ್ತಿಕೊಂಡು, ಟ್ಯಾಂಕನ್ನು ಬುಟ್ಟಿಯಲ್ಲಿಟ್ಟುಕೊಂಡು ಮಾಸ್ತರರು ಮನೋಳಿಯ ಬಸ್ಸು ಹತ್ತಿದರು. ಯಾರೂ ಕರೆದಿರಲಿಲ್ಲ.

ಕೇರಿಯ ಬೇವಿನ ಮರದ ಕೆಳಗೆ ಅವರಿಗೆ ಜಮಖಾನೆ ಹಾಸಿದರು. ಹೋಟೆಲಿನಿಂದ ಚಹಾ ತರಿಸಿ ಮುಂದಿಟ್ಟರು. ಅವರು ಮುಟ್ಟಲಿಲ್ಲ, ಅದು ಅಲ್ಲೇ ಕೆನೆಗಟ್ಟಿತು. ಸತ್ಯಪ್ಪನ ತಾಯಿ ಶೆಟ್ಟೆವ್ವ, ತಮ್ಮ ಜಟ್ಟೆಪ್ಪ, ಕೇರಿಯ ಹಿರಿಯರು ಸುತ್ತ ಕೂತರು. ಜಟ್ಟೆಪ್ಪನಿಗೆ ಆಗ ಮೀಸೆ ಬಂದಿತ್ತು. ಲಗಮವ್ವ ನಿಂತೇ ಇದ್ದಳು.

ಮಾಸ್ತರರು ಪುಸ್ತಕ ಬಿಚ್ಚಿದರು. ಹೆಂಗಸರು ಮುಂದೆ ಬಾಗಿದರು. ಲಗಮವ್ವ ಉಸುಕಿನ ಮೂಲೆ ಮೂಲೆಯನ್ನೂ ಕಣ್ಣಿನಿಂದ ಹುಡುಕಿ ಕೇಳಿದಳು:

“ಅವರೆಲ್ಲಿ ಅದಾರ್ರಿ?”

“ಒಳಗ,” ಎಂದರು ಮಾಸ್ತರರು. ಪೆನ್ಸಿಲನ್ನು ಹಾಳೆಗೆ ತಾಗದ ಹಾಗೆ ಮೇಲೆ ಹಿಡಿದು ತೋರಿಸತೊಡಗಿದರು. “ಡ್ರೈವರ್ ಕುಂದ್ರೂದು ಇಲ್ಲಿ, ಮುಂದ. ಇದು ಅವನ ತಲಿ ಮ್ಯಾಲಿನ ಬಾಗಲಾ. ತೋಪಿನ ನಳಿಗಿ ನೋಡ್ರಿ, ಸೀದಾ ಬಾಗಲಾ ಮ್ಯಾಲೆ ಬಂದು ನಿಂತೈತಿ. ನಳಿಗಿ ಇಲ್ಲಿದ್ರ ಬಾಗಲಾ ತಗ್ಯಾಕ ಬರಂಗಿಲ್ಲ. ಗುಂಡು ಬಡಿದಿದ್ದು ಈ ಮಗ್ಗಲಾ. ಹಿಂದ ಎಣ್ಣಿ ಟಾಕಿ. ಅದು ಹೊತ್ತಿಂದ ಮುಗೀತು.”

“ಒದರಿರತಾರೇನ್ರಿ?”

“ಒದರಿದ್ರೂ ಹೊರಗ ಕೇಳಂಗಿಲ್ಲ. ಉಕ್ಕು ಇಷ್ಟು ದಪ್ಪ ಇರತೈತಿ.” ಬೆರಳುಗಳನ್ನು ಅಗಲಿಸಿ ತೋರಿಸಿದರು.

ಮೂವತ್ತು ವರ್ಷ ಪಾಠ ಹೇಳಿದ ಮಾಸ್ತರರಿಗೆ ಇಷ್ಟು ನಿಶ್ಶಬ್ದವಾದ ವರ್ಗ ಎಂದೂ ಸಿಕ್ಕಿರಲಿಲ್ಲ. ಅವರಿಗೆ ಹುರುಪು ಬಂತು. ಬುಟ್ಟಿಯಿಂದ ಟ್ಯಾಂಕು ತೆಗೆದು ಡ್ರೈವರನ ಬಾಗಿಲನ್ನು ತೆರೆದು ಮುಚ್ಚಿಯೂ ತೋರಿಸಿದರು.

“ಇದು ಫೋಟೋನ್ರಿ, ಕೈಲೆ ತಗದಿದ್ರಿ?” ಲಗಮವ್ವ ಬಿಡಲಿಲ್ಲ.

“ಕೈಲೆ ತಗದಿದ್ದು. ಆದ್ರ ಫೋಟೋ ನೋಡೇ ತಗದಿರತಾರ.”

“ಯಾರ ಫೋಟೋರಿ?”

“ಇರತೈತಿ ಅವರ ಕಡೆ. ನಂಬರ್ ಬರೋಬ್ಬರಿ ಕೂಡತೈತಿ, ಇನ್ನೇನ್ ಬೇಕು ನಿನಗ? ಮೂರೂ ಅಂಕಿ ಅದಾವ.”

ಶೆಟ್ಟೆವ್ವ ಎದೆ ಬಡಿದುಕೊಂಡು ಅತ್ತಳು. ಐದು ವರ್ಷ ಅಳಲೂ ಆಗದೆ ಇಟ್ಟುಕೊಂಡಿದ್ದ ಅಳು ಅದು. ಅತ್ತು ಮುಗಿದ ಮೇಲೆ ಎದ್ದು ಸೊಸೆಯ ರಟ್ಟೆ ಹಿಡಿದಳು.

“ನಡಿ ಹೊಳಿಗೆ.”

“ನಾ ಒಲ್ಲೆ. ಅದು ಚಿತ್ರ, ಎತ್ತೀ. ಚಿತ್ರ ಅದು.”

“ಮಾಸ್ತರ ಸುಳ್ಳ ಹೇಳತಾರೇನ?”

ಲಗಮವ್ವ ಮಾಸ್ತರರ ಕಡೆ ನೋಡಿದಳು. ಗೊತ್ತಿಲ್ಲ ಎಂಬ ಒಂದು ಮಾತು ಅವರು ಅಂದಿದ್ದರೆ ಸಾಕಾಗಿತ್ತು. ಅವರು ಪುಸ್ತಕವನ್ನು ಧೋತರದಲ್ಲಿ ಸುತ್ತುತ್ತಿದ್ದರು.

ಬಸ್ಸಿಗೆ ತಡವಿತ್ತು. ಮಾಸ್ತರರು ನಿಂತ ಜಾಗದಿಂದ ಮಲಪ್ರಭೆಯ ದಂಡೆ ಕಾಣುತ್ತಿತ್ತು. ಹೆಂಗಸರೆಲ್ಲ ಸೇರಿ ಲಗಮವ್ವನನ್ನು ಹಿಡಿದು ಕೂರಿಸಿದ್ದರು. ಅವಳು ಕೊಸರಿಕೊಂಡು 'ಬಿಡ್ರೆ, ಬಿಡ್ರೆ' ಎಂದು ಚೀರುತ್ತಿದ್ದಳು. ಒಬ್ಬಳು ಮುಂಗೈಯನ್ನು ಬಂಡೆಗೆ ಒತ್ತಿ ಹಿಡಿದಳು, ಇನ್ನೊಬ್ಬಳು ಕಲ್ಲಿನಿಂದ ಕುಟ್ಟಿದಳು. ಗಾಜಿನ ಜೊತೆ ಚರ್ಮವೂ ಹರಿಯಿತು. ಜಟ್ಟೆಪ್ಪ ದೂರದಲ್ಲಿ ನಿಂತು ನೋಡುತ್ತಿದ್ದ. ಮಾಸ್ತರರು ನೋಡಲಿಲ್ಲ. ಮುಂಜಾನೆ ಬರುವಾಗ ಬಸ್ಸಿನ ಕುಲುಕಾಟಕ್ಕೆ ಟ್ಯಾಂಕಿನಿಂದ ಒಂದು ಸಾಸಿವೆ ಕಾಳು ಉದುರಿತ್ತು, ಅದು ಬುಟ್ಟಿಯ ಯಾವ ಸಂದಿಯಲ್ಲಿದೆ ಎಂದು ಬೆರಳಾಡಿಸಿ ಹುಡುಕುತ್ತಿದ್ದರು.

ಚಳಿ ಬೀಳುವ ಹೊತ್ತಿಗೆ ಉಡಿಕಿ ಆಯಿತೆಂದು ಸುದ್ದಿ ಬಂತು. ಮುತ್ತೈದೆಯರ ಕಣ್ಣಿಗೆ ಬೀಳಬಾರದೆಂದು ಗುಟ್ಟಾಗಿ, ವಾಲಗವಿಲ್ಲದೆ, ಹೊತ್ತು ಮುಳುಗಿದ ಮೇಲೆ ಸೀರೆ ಉಡಿಸಿದರಂತೆ. ಲಗಮವ್ವ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲವಂತೆ. ಸೋಮವ್ವ ಅದನ್ನು ಕೇಳಿ ಒಲೆಯ ಮುಂದೆ ಕೂತು ಅತ್ತಳು. ಮಾಸ್ತರರು ಒಳ್ಳೆಯದಾಯಿತು ಎಂದರು.

ಬಸಯ್ಯನವರು ಕಾಯಿಲೆ ಬಿದ್ದು ಬಹಳ ದಿನ ರಾಮದುರ್ಗ ಬಿಟ್ಟು ಹೊರಟಿರಲಿಲ್ಲ. ಎದ್ದು ಓಡಾಡುವಂತಾದ ಮೇಲೆ ಬಂದರು. ಅವರು ಚಪ್ಪಲಿ ಬಿಡುವ ಮೊದಲೇ ಮಾಸ್ತರರು ಪುಸ್ತಕ ಅವರ ಕೈಗಿತ್ತರು.

“ಐದು ಅಂದಿದ್ರೆಲ್ಲ ಅಯ್ಯಾರ! ಈಗ ಏನಂತೀರಿ?”

ಬಸಯ್ಯನವರು ನೋಡಿ ಸೋಲೊಪ್ಪಿದರು. ಆಮೇಲೆ ಚಾಳೀಸು ಏರಿಸಿಕೊಂಡು, ಓದುವವರ ಚಟದಂತೆ, ಪುಸ್ತಕದ ಕೊನೆಯ ಪುಟಕ್ಕೆ ಹೋದರು. ಅಲ್ಲಿ ಸಣ್ಣ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದವರು ಥಟ್ಟನೆ ನಿಂತರು.

“ಮಾಸ್ತರ! ನಿಮ್ಮ ಹೆಸರು ಐತಿ ಇಲ್ಲೆ!”

ಮಾಸ್ತರರು ಆ ಬೆರಳಿನ ತುದಿಗೆ ಕಣ್ಣು ತಂದರು. ಹೌದು. ದುಂಡಪ್ಪ. ಬೈಲಹೊಂಗಲ. ವಿಲಾಯತಿಯ ಅಚ್ಚಿನಲ್ಲಿ, ವಿಲಾಯತಿಯ ಕಾಗದದ ಮೇಲೆ. ಅವರ ಕಣ್ಣು ತುಂಬಿ ಬಂದವು. ಜನ್ಮದಲ್ಲಿ ಅಷ್ಟು ಸಂತೋಷ ಅವರಿಗೆ ಎಂದೂ ಆಗಿರಲಿಲ್ಲ. ಸೋಮವ್ವನನ್ನು ಕೂಗಿ ಕರೆದರು, ಸಕ್ಕರೆ ತಾ ಎಂದರು.

“ಏನ್ ಬರದಾರ? ಪೂರ್ತಿ ಓದ್ರಿ.”

ಬಸಯ್ಯನವರು ಮನಸ್ಸಿನಲ್ಲೇ ಓದಿಕೊಂಡರು. ಅವರ ಮುಖದ ನಗು ಇಳಿಯಿತು. ಆಮೇಲೆ ತಡೆದು ತಡೆದು ಕನ್ನಡದಲ್ಲಿ ಹೇಳಿದರು: “ನಡುವಿನ ಚಿತ್ರದಾಗಿನ ಗಾಡಿ ಗುರುತು, ನಂಬರು ಬೈಲಹೊಂಗಲದ ದುಂಡಪ್ಪನವರು ಕಳಿಸಿದ ನಕಾಶಿ ಪ್ರಕಾರ ಹಾಕೇವಿ, ಅವರಿಗೆ ಉಪಕಾರ ಅಂತ. ಗಾಡಿ ಸುಟ್ಟಿದ್ದು ಚಿತ್ರಕಾರನ ಕಲ್ಪನಾ ಅಂತ.”

“ಅಂದ್ರ?”

“ಅಂದ್ರ ಈ ಗಾಡಿ ಸುಟ್ಟಿದ್ದನ್ನ ಅವರ್ಯಾರೂ ನೋಡಿಲ್ಲ, ಮಾಸ್ತರ. ನೀವು ಕಳಿಸಿದ್ದನ್ನ ಬೆಂಕಿ ಹಚ್ಚಿ ನಿಮಗ ತಿರುಗಿ ಕಳಿಸ್ಯಾರ.”

ಸೋಮವ್ವ ಸಕ್ಕರೆಯ ವಾಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ವಾಟಿಯನ್ನು ನೆಲದ ಮೇಲಿಟ್ಟು ಒಳಗೆ ಹೋಗಿ ಕದ ಹಾಕಿಕೊಂಡಳು. ಮನೋಳಿಯ ಸಂಗತಿ ಬಸಯ್ಯನವರಿಗೆ ಆಮೇಲೆ ಗೊತ್ತಾಯಿತು, ಮಾಸ್ತರರ ಬಾಯಿಂದಲೇ, ತುಂಡು ತುಂಡಾಗಿ.

“ನಾಳೇನ ಹೋಗಿ ಹೇಳ್ರಿ,” ಎಂದರು ಬಸಯ್ಯನವರು.

ಮಾಸ್ತರರು ಆ ಪುಟವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಅಂದರು: “ಊರ ಹೆಸರು ಬರೋಬ್ಬರಿ ಹಾಕ್ಯಾರ ನೋಡ್ರಿ. ನಮ್ಮ ಮಂದೀನ ತಪ್ಪ ಬರೀತಾರ.”

ಬಸಯ್ಯನವರು ಚಪ್ಪಲಿ ಮೆಟ್ಟಿ ಹೊರಟರು. ಊಟ ಮಾಡಲಿಲ್ಲ. ಮತ್ತೆ ಆ ಮನೆಗೆ ಬರಲೂ ಇಲ್ಲ.

ಮಾಸ್ತರರು ಮನೋಳಿಗೆ ಹೋಗಲಿಲ್ಲ. ಈ ವಾರ ಪರೀಕ್ಷೆ, ಮುಂದಿನ ವಾರ ಬಿಸಿಲು, ಆಮೇಲೆ ಮಳೆ. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ ಎಂಬುದು ನಿಜ. ಹಗಲು ಯಾರಾದರೂ ಬಂದರೆ ಪುಸ್ತಕದ ಕೊನೆಯ ಪುಟ ತೆರೆದು ತಮ್ಮ ಹೆಸರಷ್ಟನ್ನೇ ತೋರಿಸುತ್ತಿದ್ದರು ಎಂಬುದೂ ನಿಜ.

ಹಿರಿಯರ ಅಮಾವಾಸ್ಯೆ ಹತ್ತಿರ ಬಂದಾಗ ಲಗಮವ್ವನೇ ಬಂದಳು. ತುಂಬಿದ ಬಸುರಿ. ಕೈಯಲ್ಲಿ ಉಡಿಕಿಯ ಬಳೆ ನಾಲ್ಕೇ ನಾಲ್ಕು, ಅವುಗಳ ಕೆಳಗೆ ಗಾಯದ ಬಿಳಿ ಗೆರೆಗಳು. ಅಂಗಳದಲ್ಲಿ ಎಂದಿನ ಜಾಗದಲ್ಲೇ ನಿಂತಳು. ಸೋಮವ್ವ ಒಂದು ಸಲ ಇಣುಕಿ ನೋಡಿ, ಮುಖ ತೋರಿಸಲಾರದೆ ಹಿಂದೆ ಸರಿದಳು.

“ಫೋಟೋ ಕೊಡ್ರಿ ಮಾಸ್ತರ್ರ. ಈ ವರ್ಷ ಅವರನ್ನ ಹಿರೇರ ಕೂಡ ಇಡಬೇಕಂತ. ಎಡಿ ಹಿಡೀಬೇಕು.”

ಮಾಸ್ತರರು ಒಳಗೆ ಹೋಗಿ ಫೋಟೋ ತಂದರು. ಈ ಸಲ ಹೇಳಿಬಿಡಬೇಕು ಎಂದು ಅವರ ಮನಸ್ಸಿನಲ್ಲಿ ಇತ್ತು, ಅಷ್ಟು ಮಟ್ಟಿಗೆ ಅವರನ್ನು ನಂಬಬಹುದು. ಆದರೆ ಹೇಳದೆಯೇ ಫೋಟೋವನ್ನು ಕಟ್ಟೆಯ ಮೇಲಿಟ್ಟರು.

“ಅವರು ಹೋದ ದಿನ ಕೆಳಗ ಬರದು ಕೊಡ್ರಿ,” ಎಂದಳು ಅವಳು. “ನಿಮ್ಮ ಅಕ್ಷರ ಮುತ್ತಿನಂಗ ಅಂತ ಅವರು ಹೇಳತಿದ್ರು.”

“ದಿನ ಪುಸ್ತಕದಾಗ ಇಲ್ಲ.”

“ಯಾವುದೋ ಒಂದು ದಿನ ಇರಬೇಕಲ್ರಿ.”

ಅವಳು ಫೋಟೋ ಕೈಗೆತ್ತಿಕೊಂಡಳು. ಐದು ವರ್ಷದ ಮೇಲೆ ಗಂಡನ ಮುಖ. ಹೆಬ್ಬೆರಳಿನಿಂದ ಕೆನ್ನೆ ಸವರಿದಳು, ಭುಜ ಸವರಿದಳು, ಸೊಂಟದ ಮೇಲಿನ ಕೈ ಸವರಿದಳು. ಬೆರಳು ಮೊಣಕಾಲಿಗೆ ಬಂದು ನಿಂತಿತು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಬಸ್ಸಿನ ನಂಬರು ಗುರುತಿಸುವಷ್ಟು ಅಂಕಿ ಬರುತ್ತಿದ್ದವು.

“ಮಾಸ್ತರ್ರ, ಇಲ್ಲಿ ಎರಡ ಅದಾವ.”

ಮಾಸ್ತರರು ಪುಸ್ತಕದ ಕೋಣೆಯ ಕಡೆ ನೋಡಿದರು.

“ಮೂರೂ ಕೂಡತಾವು ಅಂದಿದ್ರಿ ನೀವು. ಮೂರನೇದು ಇವರ ಮೊಣಕಾಲ ಹಿಂದ ಐತಿ. ಪುಸ್ತಕದಾವ್ರಿಗೆ ಯಾರು ಹೇಳಿದ್ರು?”

“ನಾ,” ಎಂದರು. “ನಾನ ತಗದು ಕಳಿಸಿದ್ದೆ, ಲಗಮವ್ವ. ನನ್ನದ ನೋಡಿ ಅವರು... ಸುಟ್ಟಿದ್ದು ಸುಳ್ಳು. ಯಾರೂ ನೋಡಿಲ್ಲ. ಏನಾಗೇತೋ ಯಾರಿಗೂ ಗೊತ್ತಿಲ್ಲ.”

ಲಗಮವ್ವ ಕಟ್ಟೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಬೈದಿದ್ದರೆ ಮಾಸ್ತರರಿಗೆ ಸಮಾಧಾನವಾಗುತ್ತಿತ್ತು. ಹೇಳಿದ್ದರಿಂದ ಒಮ್ಮೆಗೆ ಎದೆ ಹಗುರಾದಂತಾಗಿ ಅವರು ಗಡಬಡಿಸಿ ಮಾತಾಡತೊಡಗಿದರು.

“ನಾ ಮನೋಳಿಗೆ ಬರತೇನಿ. ಬೇವಿನ ಗಿಡದ ಕೆಳಗ ಎಲ್ಲಾರ ಮುಂದ ಹೇಳತೇನಿ. ತಪ್ಪಾತು ಅಂತೇನಿ.”

“ಬ್ಯಾಡ್ರಿ.”

“ಅಲ್ಲ, ಹೇಳಬೇಕು ನಾನು...”

“ನೀವು ಹೇಳಿ ಹಗರಾಗತೀರಿ. ನನ್ನ ಹೊಟ್ಟ್ಯಾಗಿಂದು ಯಾರ ಕೂಸು ಆಗತೈತ್ರಿ ಆಗ? ನಾ ಯಾರ ಹೆಂಡತಿ ಆಗತೇನಿ?” ಅವಳು ಫೋಟೋವನ್ನು ಅವರ ಕಡೆ ಚಾಚಿದಳು. ಮೊದಲ ಸಲ ಕಟ್ಟೆಯ ಮೇಲಿಡದೆ, ಸೀದಾ ಅವರ ಕೈಗೇ ಚಾಚಿದಳು. “ಇನ್ನ ಅವರು ಸತ್ತಿರಬೇಕ್ರಿ. ನೀವ ಸಾಯಿಸೀರಿ, ದಿನಾನೂ ನೀವ ಬರೀರಿ.”

ಮಾಸ್ತರರು ಒಳಗೆ ಹೋದರು. ನಂಬರು ಬರೆಯುವ ತೆಳ್ಳನೆಯ ಕುಂಚವನ್ನೂ ಬಿಳಿ ಬಣ್ಣವನ್ನೂ ತಂದು ಕಟ್ಟೆಯ ಮೇಲೆ ಕೂತರು. ಲಡಾಯಿ ನಡೆದ ಆ ಡಿಸೆಂಬರಿನ ಯಾವುದೋ ಒಂದು ದಿನವನ್ನು ಆರಿಸಿಕೊಂಡರು. ಅಕ್ಷರಗಳು ಮುತ್ತಿನಂತೆಯೇ ಬಂದವು.

ಬಣ್ಣ ಸೀರೆಗೆ ತಾಗಿ ಅಳಿಸಬಾರದೆಂದು ಲಗಮವ್ವ ಫೋಟೋವನ್ನು ಬಿಸಿಲಿಗೆ ಹಿಡಿದು, ನಡುನಡುವೆ ಬಾಯಿಂದ ಊದುತ್ತ, ಅದು ಪೂರಾ ಒಣಗುವವರೆಗೂ ಅಂಗಳದಲ್ಲಿ ನಿಂತಿದ್ದಳು.